ಇಪ್ಪತ್ತನಾಲ್ಕನೆಯ ಟ್ಯೂಬು

ಬುಧವಾರ, ಮಾರ್ಚ್ ೧೪
ಆಸ್ಪತ್ರೆಯ ರಕ್ತದ ಮಾದರಿ ಕೋಣೆ, ಊಟದ ಬಿಡುವು

ನನ್ನ ಗುಬ್ಬಿಗೆ,

ಅಕ್ಕನ ಪ್ರೀತಿ. ಲಕೋಟೆಯ ಮೇಲಿನ ಅಕ್ಷರ ಯಾರದಪ್ಪಾ ಎಂದು ತಿರುಗಿಸಿ ಮುರುಗಿಸಿ ನೋಡಿರುತ್ತೀಯ. ಅದು ಟೈಲರಮ್ಮ ಒಬ್ಬರದು, ಅವರ ವಿಷಯ ಆಮೇಲೆ ಹೇಳುತ್ತೇನೆ. ನನ್ನ ಅಕ್ಷರ ಕಂಡರೆ ನೀನು ಒಡೆಯುವುದಿಲ್ಲವೆಂದು ಗೊತ್ತು. ಹಿಂದೆ ಮೂರು ಸಲ ಬರೆದೆ. ಮೂರೂ ನಿನ್ನ ಕೈಬರಹದಲ್ಲಿ ‘ಬೇಡ’ ಎಂದು ಬರೆಸಿಕೊಂಡು ವಾಪಸು ಬಂದವು. ಆ ಮೂರು ‘ಬೇಡ’ಗಳನ್ನೂ ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ, ನಗಬೇಡ. ಹನ್ನೊಂದು ವರ್ಷದಲ್ಲಿ ನಿನ್ನಿಂದ ನನಗೆ ಬಂದದ್ದು ಅಷ್ಟೇ ತಾನೇ. ಅದಕ್ಕೇ ಈ ಸಲ ಮೋಸ ಮಾಡಿದ್ದೇನೆ. ಹರಿದು ಹಾಕುವುದಿದ್ದರೆ ಓದಿಯಾದ ಮೇಲೆ ಹರಿದು ಹಾಕು.

ಬೇರೆಲ್ಲ ಆಮೇಲೆ, ಮೊದಲು ಇದನ್ನು ಕೇಳು. ಮಗಳನ್ನು ಈಜುಕೊಳಕ್ಕೆ ಕಳಿಸಬೇಡ. ನೀನೂ ಅವಳೂ ಇಬ್ಬರೂ ಹೃದಯದ ಡಾಕ್ಟರ ಹತ್ತಿರ ಹೋಗಿ, ಇಸಿಜಿ ಮಾಡಿಸಿ, ಅವರು ಹೂಂ ಅನ್ನುವ ತನಕ ಅವಳು ನೀರಿಗಿಳಿಯುವುದು ಬೇಡ. ಅತ್ತರೂ ಬೇಡ, ಊಟ ಬಿಟ್ಟರೂ ಬೇಡ. ನೋಡು, ಹನ್ನೊಂದು ವರ್ಷದ ಮೇಲೆ ಬಾಯಿ ಬಿಟ್ಟರೂ ನನ್ನದು ಅದೇ ಯಜಮಾನಿಕೆ.

ಅವಳು ಈಜುತ್ತಾಳೆಂದು ನನಗೆ ಗೊತ್ತಾದದ್ದು ಪೇಪರಿನಿಂದ. ಶಾಲೆಗಳ ಪಂದ್ಯದಲ್ಲಿ ಗೆದ್ದ ಮಕ್ಕಳ ಫೋಟೋ ಬಂದಿತ್ತಲ್ಲ, ಎಡಗಡೆಯಿಂದ ಎರಡನೆಯವಳು. ತಲೆಗೆ ಬಿಗಿ ಟೋಪಿ, ಮುಂದಿನ ಹಲ್ಲು ಒಂದು ಇಲ್ಲ. ಕೆಳಗಿನ ಹೆಸರು ಓದುವ ಮೊದಲೇ ಗಲ್ಲ ನೋಡಿ ನಿನ್ನ ಮಗಳೆಂದು ಹೇಳಿಬಿಟ್ಟೆ. ಪಕ್ಕದಲ್ಲಿ ಯಾರೂ ಇರಲಿಲ್ಲ, ಗೋಡೆಗೆ ಹೇಳಿದೆ. ಆ ತುಂಡನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು ತಿಂಗಳಿಗೆ ಹತ್ತಿರವಾಯಿತು, ಮಡಿಕೆ ಬಿದ್ದಲ್ಲಿ ಅವಳ ಮೂಗು ಮಾಸಿಹೋಗಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಇದು ಹನ್ನೆರಡು ವರ್ಷದ ಹಿಂದಿನದು. ಅಮ್ಮ ಇದ್ದಳು, ನೀನೂ ಮನೆಯಲ್ಲಿದ್ದೆ. ನಮ್ಮ ಆಸ್ಪತ್ರೆ ಹೊರದೇಶದ ಒಂದು ವಿಶ್ವವಿದ್ಯಾಲಯದ ಜೊತೆ ಸೇರಿ ದೊಡ್ಡ ಅಧ್ಯಯನ ಶುರುಮಾಡಿತ್ತು. ಯಾವ ಕಾಯಿಲೆ ವಂಶದಲ್ಲಿ ಹೇಗೆ ಇಳಿದು ಬರುತ್ತದೆಂದು ಜನರ ರಕ್ತದಿಂದ ಪತ್ತೆ ಮಾಡುವುದು ಅವರ ಕೆಲಸ. ಹೋಲಿಸಿ ನೋಡಲು ಆರೋಗ್ಯವಾಗಿರುವವರ ರಕ್ತವೂ ಬೇಕಿತ್ತು. ಅದನ್ನು ತೆಗೆಯುವ ಕೆಲಸ ನನ್ನದು. ಒಬ್ಬೊಬ್ಬರಿಗೂ ಫಾರಂ ಓದಿ ಹೇಳಿ, ಸಹಿ ಹಾಕಿಸಿ, ಒಂದೇ ನಂಬರಿನ ಎರಡು ಚೀಟಿಯಲ್ಲಿ ಒಂದನ್ನು ಫಾರಂಗೆ, ಇನ್ನೊಂದನ್ನು ಟ್ಯೂಬಿಗೆ ಅಂಟಿಸಬೇಕು. ಫಾರಂ ನಮ್ಮ ಕಪಾಟಿನಲ್ಲೇ ಉಳಿಯುತ್ತದೆ. ಟ್ಯೂಬು ಮಾತ್ರ ಹೆಸರಿಲ್ಲದೆ ವಿಮಾನ ಹತ್ತುತ್ತದೆ.

ಟ್ಯೂಬು ಹೋಗುವ ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕು ಗುಳಿ. ಗುಳಿ ಖಾಲಿ ಬಿಟ್ಟು ನಾನು ಯಾವತ್ತೂ ಪೆಟ್ಟಿಗೆ ಮುಚ್ಚಿದವಳಲ್ಲ. ಹೊರದೇಶದ ಸಂಯೋಜಕಿ ನಮ್ಮ ಡಾಕ್ಟರರಿಗೆ ಫೋನು ಮಾಡಿದಾಗಲೆಲ್ಲ, ನಿಮ್ಮ ಆ ಹೆಂಗಸಿನ ಪೆಟ್ಟಿಗೆ ಸದಾ ತುಂಬಿರುತ್ತದೆ ಎನ್ನುತ್ತಿದ್ದರಂತೆ. ಆ ಹೊಗಳಿಕೆಗೆ ನಾನು ಎಷ್ಟು ಉಬ್ಬಿಹೋಗಿದ್ದೆನೆಂದರೆ ಮನೆಗೆ ಬಂದು ಅಮ್ಮನಿಗೆ ಎರಡೆರಡು ಸಲ ಹೇಳುತ್ತಿದ್ದೆ. ಒಂದು ದಿನ ಇಪ್ಪತ್ಮೂರು ಟ್ಯೂಬು ತುಂಬಿದ್ದವು. ಇಪ್ಪತ್ತನಾಲ್ಕನೆಯವರೇ ಈ ಟೈಲರಮ್ಮ. ಫಾರಂ ತುಂಬಿದರು, ಸಹಿಯನ್ನೂ ಹಾಕಿದರು. ಸೂಜಿ ಕಂಡದ್ದೇ ತಡ, ಚಪ್ಪಲಿಯನ್ನೂ ಬಿಟ್ಟು ಕಾಲಿಗೆ ಬುದ್ಧಿ ಹೇಳಿದರು. ಪೆಟ್ಟಿಗೆ ಒಯ್ಯುವವನು ನಾಲ್ಕು ಗಂಟೆಗೆ ಬರುವವನಿದ್ದ, ಪೆಟ್ಟಿಗೆಯನ್ನು ತಣ್ಣಗಿಡುವ ಡ್ರೈ ಐಸ್ ಆಗಲೇ ಹೊಗೆಯಾಡುತ್ತಿತ್ತು.

ಅಷ್ಟು ಹೊತ್ತಿಗೆ ನೀನು ಬಂದೆ. ನಾನು ಮರೆತು ಬಂದಿದ್ದ ಊಟದ ಡಬ್ಬಿ ಕೈಯಲ್ಲಿತ್ತು. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು ಬಿಡುತ್ತಿದ್ದೆ. ಮುಖ ಬಿಳಿಚಿದೆ, ರಕ್ತ ಕಡಿಮೆಯಾಗಿರಬೇಕು, ಕೂತ್ಕೋ ನೋಡೋಣ ಎಂದು ಕೂರಿಸಿದೆ. ಅದು ಸುಳ್ಳಲ್ಲ ಕಣೇ, ನಿಜವಾಗಿಯೂ ನಿನ್ನ ಹಿಮೋಗ್ಲೋಬಿನ್ ನೋಡಬೇಕಿತ್ತು. ಅದಕ್ಕೆ ಒಂದು ಟ್ಯೂಬು ಸಾಕಿತ್ತು, ನಾನು ಎರಡು ತೆಗೆದೆ. ನೀನು ಕೇಳಿದ್ದೂ ನೆನಪಿದೆ.

“ಎರಡ್ಯಾಕೆ ಅಕ್ಕ?”

“ಒಂದು ನಿಂಗೆ, ಒಂದು ನಂಗೆ.”

ನೀನು ನಕ್ಕೆ. ಚಿಕ್ಕಂದಿನಲ್ಲಿ ಬಿಸ್ಕತ್ತು ಹಂಚಿಕೊಳ್ಳುವಾಗ ನಾವು ಹೇಳುತ್ತಿದ್ದ ಮಾತು ಅದು. ನೀನು ತೋಳು ಮಡಚಿಕೊಂಡು ಹತ್ತಿ ಒತ್ತಿ ಹಿಡಿದಿದ್ದಾಗಲೇ ನಾನು ಆ ಎರಡನೆಯ ಟ್ಯೂಬಿಗೆ ಟೈಲರಮ್ಮನ ನಂಬರು ಅಂಟಿಸಿ ಗುಳಿಗೆ ಇಳಿಸಿದೆ. ಮುನ್ನೂರ ಹನ್ನೆರಡು. ಪೆಟ್ಟಿಗೆ ತುಂಬಿತು. ಒಂದು ಮಾತು ಕೇಳಿದ್ದರೆ ನೀನು ಕೈ ಚಾಚುತ್ತಿದ್ದೆ, ಹೊಸ ಫಾರಂ ತುಂಬಲು ಹತ್ತು ನಿಮಿಷ ಸಾಕಿತ್ತು. ಆದರೆ ಸ್ವಂತ ತಂಗಿಯನ್ನು ಏನು ಕೇಳುವುದು ಎಂದುಕೊಂಡೆ. ಊರವರಿಗೆಲ್ಲ ಫಾರಂ ಓದಿ ಹೇಳುತ್ತಿದ್ದವಳು ನಿನಗೊಬ್ಬಳಿಗೆ ಓದಲಿಲ್ಲ.

ಆ ರಕ್ತ ಹನ್ನೆರಡು ವರ್ಷ ಯಾವುದೋ ದೇಶದ ಫ್ರೀಜರಿನಲ್ಲಿ ಮಲಗಿತ್ತು. ಕಳೆದ ವರ್ಷ ಹೊಸ ಯಂತ್ರ ಬಂತೆಂದು ಹಳೆಯ ಟ್ಯೂಬುಗಳನ್ನೆಲ್ಲ ಮತ್ತೆ ತೆಗೆದು ಓದಿದರಂತೆ. ಮುನ್ನೂರ ಹನ್ನೆರಡರಲ್ಲಿ ಒಂದು ದೋಷ ಸಿಕ್ಕಿದೆ. ಹುಟ್ಟಿನಿಂದಲೇ ಬರುವಂಥದ್ದು. ದಿನವೂ ಚೆನ್ನಾಗಿಯೇ ಬಡಿಯುವ ಹೃದಯ, ದಿಢೀರನೆ ಗಾಬರಿಯಾದರೆ, ಹತ್ತಿರದಲ್ಲಿ ಜೋರಾದ ಸದ್ದಾದರೆ, ನೀರಿಗೆ ಧುಮುಕಿದರೆ ತಾಳ ತಪ್ಪಿಬಿಡಬಹುದು. ಕೆಲವರಿಗೆ ತಲೆ ತಿರುಗಿ ಬೀಳುವುದರಲ್ಲೇ ಮುಗಿಯುತ್ತದೆ, ಕೆಲವರು ಏಳುವುದೇ ಇಲ್ಲ. ತಾಯಿಯಿಂದ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಹೆದರಬೇಡ, ಮುಂದೆ ಓದು. ಗೊತ್ತಾದರೆ ಇದಕ್ಕೆ ದಾರಿಯಿದೆ. ದಿನಕ್ಕೊಂದು ಮಾತ್ರೆ, ಕೆಲವು ಔಷಧಿಗಳಿಂದ ದೂರವಿರುವುದು, ವರ್ಷಕ್ಕೊಮ್ಮೆ ಡಾಕ್ಟರು. ಇಷ್ಟು ಮಾಡಿಕೊಂಡು ಮೊಮ್ಮಕ್ಕಳನ್ನು ಆಡಿಸಿದವರಿದ್ದಾರೆ.

ಆರನೇ ಕ್ಲಾಸಿನಲ್ಲಿ ನೀನು ಶಾಲೆಯ ಗಂಟೆಯ ಕೆಳಗೆ ನಿಂತಿದ್ದಾಗ, ಗಂಟೆ ಹೊಡೆದ ಕೂಡಲೇ ದೊಪ್ಪನೆ ಬಿದ್ದಿದ್ದೆಯಲ್ಲ, ನೆನಪಿದೆಯಾ? ಗಂಟೆ ಹೊಡೆದರೆ ಗುಬ್ಬಿ ಬೀಳುತ್ತಾಳೆಂದು ವರ್ಷಗಟ್ಟಲೆ ಆಡಿಕೊಂಡು ನಕ್ಕೆವು. ಜಾಸ್ತಿ ನಕ್ಕವಳು ನಾನೇ. ಅಮ್ಮನೂ ಒಮ್ಮೆ ರಸ್ತೆ ದಾಟುವಾಗ ಲಾರಿಯ ಹಾರನ್ನಿಗೆ ಬೆಚ್ಚಿ ಬಿದ್ದು ಮೊಣಕೈ ಮುರಿದುಕೊಂಡಿದ್ದಳು. ಇಷ್ಟು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳಿಗೆ ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ಬರಲಿಲ್ಲ.

ಈಗ ಟೈಲರಮ್ಮನ ವಿಷಯ. ನಮ್ಮ ಫಾರಂನಲ್ಲಿ ಒಂದು ಪ್ರಶ್ನೆಯಿದೆ: ಮುಂದೆ ನಿಮ್ಮ ಆರೋಗ್ಯದ ಬಗ್ಗೆ ಏನಾದರೂ ತಿಳಿದುಬಂದರೆ ನಿಮಗೆ ಹೇಳಬೇಕೇ? ಓಡಿಹೋಗುವ ಮೊದಲು ಅವರು ‘ಹೌದು’ ಎಂದು ಗುರುತು ಹಾಕಿದ್ದರು. ಹಾಗಾಗಿ ಕಳೆದ ತಿಂಗಳು ನಮ್ಮ ಆಫೀಸಿನವರು ಅವರನ್ನು ಕರೆಸಿ, ನಿಮಗೆ ಹೀಗಿದೆ ಎಂದರು. ಅವರಿಗೆ ತಾನು ರಕ್ತವನ್ನೇ ಕೊಡಲಿಲ್ಲ ಎಂಬುದು ಮರೆತೇಹೋಗಿತ್ತು. ಇಸಿಜಿ ಸರಿಯಿತ್ತು. ಆದರೂ ಈ ಕಾಯಿಲೆ ಕೆಲವೊಮ್ಮೆ ಇಸಿಜಿಯಲ್ಲಿ ಅಡಗಿ ಕೂರುತ್ತದೆಂದು ಮಾತ್ರೆ ಶುರುಮಾಡಿದರು. ಪಾಪ, ಆ ಹೆಂಗಸು ಅಂಗಡಿಯ ಬಾಗಿಲಿನ ಗಂಟೆ ಬಿಚ್ಚಿಟ್ಟರು, ಮಿಷನ್ನಿನ ಮೋಟಾರು ತೆಗೆಸಿ ಕಾಲಲ್ಲಿ ತುಳಿಯತೊಡಗಿದರು. ಇಲ್ಲದ ಕಾಯಿಲೆಯ ಮಾತ್ರೆ ನುಂಗಿ ಕೈಕಾಲು ತಣ್ಣಗಾಗಿ, ಎದ್ದರೆ ಕಣ್ಣು ಕತ್ತಲಿಟ್ಟುಕೊಂಡು ಬರುತ್ತಿತ್ತು.

ನಿಯಮದ ಪ್ರಕಾರ ಎರಡನೆಯ ಸಲ ರಕ್ತ ತೆಗೆದು ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ನನ್ನನ್ನೇ ಹಾಕಿದರು. ಫಾರಂ ಕೈಗೆ ಬಂದಾಗ ನಂಬರು ನೋಡಿದೆ, ಮುನ್ನೂರ ಹನ್ನೆರಡು, ನಿನ್ನ ರಕ್ತ. ಟೈಲರಮ್ಮ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೈ ಚಾಚಿದರು. ಹೊಸ ರಕ್ತ ಹೋದರೆ ಎಲ್ಲ ಬಯಲಾಗುತ್ತದೆಂದು ಸೂಜಿಯನ್ನು ಮತ್ತೆ ಟ್ರೇಯಲ್ಲಿಟ್ಟೆ. ನಾಳೆ ಬನ್ನಿ ಎಂದು ಕಳಿಸಿದೆ. ಮಾರನೆಯ ದಿನವೂ ನಾಳೆ ಬನ್ನಿ ಎಂದೆ. ಹೀಗೆ ಒಂಬತ್ತು ದಿನ ತಳ್ಳಿದೆ. ಒಂಬತ್ತು ದಿನವೂ ಆ ಹೆಂಗಸು ಮಾತ್ರೆ ನುಂಗಿದರು, ನಿನ್ನ ಮಗಳು ನೀರಿಗೆ ಧುಮುಕಿದಳು, ನಾನು ಕೆಲಸ ಹೋದರೆ ಹೇಗೆ ಎಂದು ಯೋಚಿಸುತ್ತ ಕೂತಿದ್ದೆ. ಇದನ್ನು ಮುಚ್ಚಿಟ್ಟರೆ ಈ ಪತ್ರ ಬರೆದು ಪ್ರಯೋಜನವಿಲ್ಲ.

ಮೊನ್ನೆ ಸೋಮವಾರ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವತ್ತೇ ಟೈಲರಮ್ಮನ ಮಾತ್ರೆ ಕಡಿಮೆ ಮಾಡುತ್ತಾ ಬಂದು ನಿಲ್ಲಿಸಲು ಬರೆದುಕೊಟ್ಟರು, ಬೇರೆಯವರ ಕೈಯಿಂದ ಹೊಸ ರಕ್ತ ತೆಗೆಸಿದರು. ಸಂಜೆ ಹೊರದೇಶದವರ ಜೊತೆ ಪರದೆಯ ಮೇಲೆ ಮಾತಾಯಿತು. ಆ ಸಂಯೋಜಕಿಗೆ ಈಗ ಕೂದಲು ಪೂರ್ತಿ ಬೆಳ್ಳಗಾಗಿದೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಒಪ್ಪಿಗೆಯಿಲ್ಲದೆ ತೆಗೆದ ರಕ್ತ, ಅದನ್ನು ನಾಶ ಮಾಡಬೇಕು. ಅದರಿಂದ ತಿಳಿದದ್ದನ್ನು ಯಾರಿಗೂ ಹೇಳುವ ಹಾಗಿಲ್ಲ, ಹೇಳಿ ಎಂದವರೇ ಇಲ್ಲವಲ್ಲ. ಎರಡೂ ದೇಶದ ನೀತಿ ಸಮಿತಿ ಸೇರಿ ತೀರ್ಮಾನಿಸಬೇಕು, ಮೂರು ತಿಂಗಳಾಗಬಹುದು. ಅಲ್ಲಿಯ ತನಕ ಕಡತದಲ್ಲಿ ಹೀಗೆ ಬರೆಯುತ್ತಾರಂತೆ: ವ್ಯಕ್ತಿಯಿಲ್ಲದ ಮಾದರಿ.

ವ್ಯಕ್ತಿಯಿಲ್ಲವಂತೆ! ನನ್ನ ಸೊಂಟದ ಮೇಲೆ ಬೆಳೆದವಳು, ಜಡೆ ಹಾಕುವಾಗ ತಲೆ ಅಲ್ಲಾಡಿಸಿ ಬಾಚಣಿಗೆಯ ಏಟು ತಿಂದವಳು, ನಿದ್ದೆಯಲ್ಲಿ ನನ್ನ ದಿಂಬು ಎಳೆದುಕೊಳ್ಳುತ್ತಿದ್ದವಳು ವ್ಯಕ್ತಿಯೇ ಅಲ್ಲವಂತೆ. ಅಲ್ಲೇ ಎಲ್ಲರ ಮುಂದೆ ಅತ್ತುಬಿಟ್ಟೆ. ನಿನಗೆ ಗೊತ್ತು, ನಾನು ಜನರೆದುರು ಅಳುವವಳಲ್ಲ.

ಮಾತು ಮುಗಿದ ಮೇಲೆ ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತ ಕೂತರು. ಆಮೇಲೆ ಹೇಳಿದರು.

“ನೀವು ಅವರಿಗೆ ಬರೀಬಾರದು ಅಂತ ನಾನು ಹೇಳ್ಲೇಬೇಕು. ಹೇಳಿದೀನಿ.”

ಹೇಳಿ, ಈ ಕಾಯಿಲೆಯ ಬಗ್ಗೆ ಅಚ್ಚು ಹಾಕಿಸಿದ್ದ ಒಂದು ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿಟ್ಟು ಎದ್ದುಹೋದರು. ಆ ಹಾಳೆ ಈ ಲಕೋಟೆಯಲ್ಲಿದೆ. ಯಾವ ಔಷಧಿ ತೆಗೆದುಕೊಳ್ಳಬಾರದೆಂದು ಹಿಂದಿನ ಬದಿಯಲ್ಲಿದೆ, ಅದನ್ನು ಅಡುಗೆಮನೆಯಲ್ಲಿ ಅಂಟಿಸಿಕೋ. ಡಾಕ್ಟರ ಹತ್ತಿರ ನನ್ನ ಹೆಸರು, ಆಸ್ಪತ್ರೆಯ ಹೆಸರು ಏನೂ ಹೇಳಬೇಕಾಗಿಲ್ಲ. ಶಾಲೆಯಲ್ಲಿ ಗಂಟೆ ಹೊಡೆದಾಗ ಬಿದ್ದಿದ್ದೆ, ತಾಯಿ ದಿಢೀರನೆ ಹೋದರು ಎಂದರೆ ಸಾಕು, ಉಳಿದದ್ದು ಅವರಿಗೇ ಹೊಳೆಯುತ್ತದೆ.

ನಿನ್ನೆ ಟೈಲರಮ್ಮನ ಅಂಗಡಿಗೆ ಹೋಗಿ ಅವರಿಗೂ ನಿಜ ಹೇಳಿದೆ. ಕೊರಳಲ್ಲಿ ಟೇಪು, ಬಾಯಲ್ಲಿ ಗುಂಡುಪಿನ್ನು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿಯಾದ ಮೇಲೆ ಬೈದರು. ಚೆನ್ನಾಗಿ ಬೈದರು, ತಲೆ ತಗ್ಗಿಸಿ ಕೇಳಿಸಿಕೊಂಡೆ. ಕೊನೆಗೆ, ಒಂದು ವಾರ ನಮ್ಮ ಮನೆಯಲ್ಲಿ ಹೇಳಬೇಡಿ ಎಂದರು. ಕಾಯಿಲೆಯೆಂದು ಗೊತ್ತಾದಾಗಿನಿಂದ ಗಂಡ ದನಿಯೇ ಎತ್ತುವುದಿಲ್ಲವಂತೆ, ಏನು ಬೇಕೆಂದು ಕೇಳಿ ಕೇಳಿ ಮಾತಾಡುತ್ತಾರಂತೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಇಷ್ಟು ಸುಖ ಕಂಡಿರಲಿಲ್ಲವಂತೆ. ನನಗೆ ನಗು ತಡೆಯಲಾಗಲಿಲ್ಲ, ಅವರೂ ನಕ್ಕರು. ಆಮೇಲೆ ನಿನ್ನ ವಿಷಯ ಕೇಳಿದರು, ಮಗುವಿದೆಯಾ ಎಂದು ಕೇಳಿದರು. ಪೇಪರಿನ ತುಂಡು ತೋರಿಸಿ, ನನ್ನ ಪತ್ರ ನೀನು ಒಡೆಯುವುದಿಲ್ಲವೆಂದೂ ಹೇಳಿದೆ. ಅದನ್ನು ನೋಡಿ ಲಕೋಟೆ ಕೊಡಿ ಎಂದು ಅವರೇ ಕೇಳಿ, ಬಟ್ಟೆಗೆ ಗುರುತು ಹಾಕುವ ಹಾಗೆ ಒತ್ತಿ ಒತ್ತಿ ವಿಳಾಸ ಬರೆದುಕೊಟ್ಟರು.

“ನನ್ನ ಹತ್ರ ಇದ್ದಿದ್ದು ಅವರ ಭಯ. ಅವರಿಗೇ ಕಳಿಸಿ, ಬೇಗ ಕಳಿಸಿ.”

ಆದರೂ ಬರೆಯಲು ಕೂತಾಗ ಕೈ ತಡೆಯಿತು. ನಿನ್ನನ್ನು ಕೇಳಿದ್ದರೆ ಆ ಫಾರಂನಲ್ಲಿ ನೀನು ಏನೆಂದು ಗುರುತು ಹಾಕುತ್ತಿದ್ದೆ? ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ನನ್ನನ್ನು ಕಳಿಸಿ, ಪಾಸಾಗಿದ್ದರೆ ಮಾತ್ರ ಹೇಳು, ಇಲ್ಲದಿದ್ದರೆ ಸುಮ್ಮನೆ ಬಂದು ಮಲಗಿಬಿಡು ಎನ್ನುತ್ತಿದ್ದವಳು ನೀನು. ಖಂಡಿತ ‘ಬೇಡ’ ಎನ್ನುತ್ತಿದ್ದೆ. ಅವತ್ತು ಕೇಳದೆ ನಿನ್ನ ರಕ್ತ ತೆಗೆದೆ, ಇವತ್ತು ಕೇಳದೆ ಅದರ ಸುದ್ದಿ ಕೊಡುತ್ತಿದ್ದೇನೆ. ಎರಡೂ ತಪ್ಪೇ ಇರಬಹುದು. ಆ ಟೋಪಿಯ ಹುಡುಗಿ ಇಲ್ಲದಿದ್ದರೆ ಮೂರು ತಿಂಗಳು ಕಾಯುತ್ತಿದ್ದೆನೋ ಏನೋ. ಅವಳು ಇದ್ದಾಳೆ, ಹಾಗಾಗಿ ನಾನು ಕಾಯುವುದಿಲ್ಲ. ಈ ಪತ್ರದ ವಿಷಯ ಆಫೀಸಿಗೆ ತಿಳಿದರೆ ಕೆಲಸ ಹೋಗುತ್ತದೆ. ಹೋಗಲಿ ಬಿಡು, ಹೇಗೂ ಅರ್ಧ ಹೋಗಿದೆ.

ಇನ್ನೊಂದು ಮಾತಿದೆ ಗುಬ್ಬಿ. ಅಮ್ಮ ಹೋದ ದಿನ, ಬಂದವರೆಲ್ಲ ಕೂತಿದ್ದಾಗ, ನೀನು ಬಾಗಿಲಲ್ಲಿ ಕಂಡ ಕೂಡಲೇ ನಾನು ಹೇಳಿದೆ, ನೀನೇ ಅಮ್ಮನನ್ನು ಕೊಂದದ್ದು ಎಂದು. ಈಗ ನಿನ್ನ ಗಂಡನಾಗಿರುವ ಆ ರೇಡಿಯೋ ರಿಪೇರಿಯವರನ್ನೇ ಮದುವೆಯಾಗುತ್ತೇನೆಂದು ಬೆಳಿಗ್ಗೆ ನೀನು ಅಮ್ಮನ ಜೊತೆ ಜಗಳವಾಡಿ, ಬ್ಯಾಗು ತೆಗೆದುಕೊಂಡು ಅವರ ಮನೆಗೆ ಹೊರಟೆ. ನೀನು ಹೊಸ್ತಿಲು ದಾಟಿದ್ದೇ ಅಮ್ಮ ಕುಸಿದಳು ಎಂದು ಎಲ್ಲರಿಗೂ ಹೇಳಿದೆ. ನೀನು ಗೋಡೆ ಹಿಡಿದುಕೊಂಡು ನಿಂತೆ. ಆ ಗೋಡೆಗೆ ಆಮೇಲೆ ಎರಡು ಸಲ ಬಣ್ಣ ಹೊಡೆಸಿದ್ದೇನೆ, ಆದರೂ ಅಲ್ಲಿ ನಿನ್ನ ಕೈ ಕಾಣುತ್ತದೆ. ಅಮ್ಮನನ್ನು ಕೊಂದದ್ದು ನೀನಲ್ಲ. ನಿನಗಿರುವುದೇ ಅಮ್ಮನಿಗೂ ಇತ್ತು ಎಂದು ಡಾಕ್ಟರು ಹೇಳುತ್ತಾರೆ. ಅವತ್ತಲ್ಲದಿದ್ದರೆ ಇನ್ನೊಂದು ದಿನ, ಒಂದು ಪಾತ್ರೆ ಬಿದ್ದಿದ್ದರೂ, ಯಾರೋ ಹತ್ತಿರದಲ್ಲಿ ಕಿರುಚಿದ್ದರೂ ಸಾಕಿತ್ತಂತೆ. ಹನ್ನೊಂದು ವರ್ಷ ಹೊತ್ತಿದ್ದೀಯ, ಇಳಿಸು. ನಿನಗೆ ಕಾಯಿಲೆ ಹೊರಿಸುವ ಪತ್ರವೇ ಆ ಭಾರವನ್ನೂ ಇಳಿಸಲಿ.

ನನ್ನ ಇಸಿಜಿ ತೆಗೆದರು, ಸರಿಯಿದೆ. ರಕ್ತವೂ ಹೋಗಿದೆ, ಈ ಸಲ ಸಹಿ ಹಾಕಿಯೇ ಕೊಟ್ಟೆ. ಬಂದಿದ್ದರೆ ನನಗೇ ಬರಬಾರದಿತ್ತೇ ಅನಿಸುತ್ತದೆ. ಒಂದು ನಿಂಗೆ, ಒಂದು ನಂಗೆ ಎಂದು ಎಲ್ಲ ಹಂಚಿಕೊಂಡವರು, ಇದೊಂದನ್ನು ನೀನೊಬ್ಬಳೇ ಇಟ್ಟುಕೊಂಡೆಯಲ್ಲೇ.

ನಿನ್ನನ್ನು ನೋಡಬೇಕು ಅನಿಸುತ್ತದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ತಿಂಗಳಿಗೊಂದು ಭಾನುವಾರ ಹದಿನೇಳನೇ ನಂಬರ್ ಬಸ್ಸು ಹತ್ತಿ ನಿಮ್ಮ ಬೀದಿಯ ಸ್ಟಾಪಿನ ತನಕ ಬರುತ್ತೇನೆ. ಇಳಿಯುವುದಿಲ್ಲ. ಕಿಟಕಿಯಿಂದ ನಿಮ್ಮ ರೇಡಿಯೋ ಅಂಗಡಿಯ ಬೋರ್ಡು ಕಾಣುತ್ತದೆ, ಮೇಲಿನ ಮಹಡಿಯಲ್ಲಿ ಒಣಹಾಕಿದ ಬಟ್ಟೆ ಕಾಣುತ್ತದೆ. ಪುಟ್ಟ ಫ್ರಾಕುಗಳು ಉದ್ದವಾಗುತ್ತ ಬಂದದ್ದನ್ನು ನೋಡಿದ್ದೇನೆ. ಬಸ್ಸು ಕೊನೆಯ ಸ್ಟಾಪಿಗೆ ಹೋಗಿ ತಿರುಗುತ್ತದೆ, ನಾನೂ ಅದರಲ್ಲೇ ಕೂತು ತಿರುಗಿ ಬರುತ್ತೇನೆ. ಕಂಡಕ್ಟರು ಈಗೀಗ ಎಲ್ಲಿಗೆ ಎಂದು ಕೇಳುವುದೂ ಇಲ್ಲ.

ಉತ್ತರ ಬರೆಯಬೇಕೆಂದಿಲ್ಲ. ಇಸಿಜಿ ಮಾಡಿಸಿದೆ ಎಂಬುದಷ್ಟೇ ತಿಳಿದರೆ ಸಾಕು. ಭಾನುವಾರ ಆ ಮಹಡಿಯ ತಂತಿಯ ಮೇಲೆ ಒಂದು ಬಿಳಿ ಟವೆಲನ್ನು ಒಂಟಿಯಾಗಿ ಹಾಕು. ಇನ್ನು ಪ್ರತಿ ಭಾನುವಾರ ಬರುತ್ತೇನೆ, ಕಿಟಕಿಯ ಪಕ್ಕವೇ ಕೂತಿರುತ್ತೇನೆ.

ಯಾವತ್ತಿಗೂ ನಿನ್ನ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಬಿಚ್ಚಿದೆ. ನೀನು ಹೊಸ್ತಿಲು ದಾಟಿದ್ದೇ ಅಮ್ಮ ಕುಸಿದಳು ಎಂದದ್ದು ಸುಳ್ಳು. ನೀನು ಹೋಗಿ ಒಂದೂವರೆ ಗಂಟೆಯಾಗಿತ್ತು. ಅಮ್ಮ ಅತ್ತು, ಮುಖ ತೊಳೆದುಕೊಂಡು, ತಲೆ ಬಾಚಿಕೊಂಡಿದ್ದಳು. ನೀನು ಬಿಟ್ಟುಹೋಗಿದ್ದ ನೀಲಿ ಸ್ವೆಟರನ್ನು ಮಡಚಿ ಚೀಲಕ್ಕೆ ಹಾಕಿ ಚಪ್ಪಲಿ ಮೆಟ್ಟಿದ್ದಳು. ಹೋಗಲಿ ಬಿಡೇ, ಅವಳಿಗೆ ಇಷ್ಟವಾದ ಮೇಲೆ ನಮ್ಮದೇನು, ಹೋಗಿ ಕರ್ಕೊಂಡು ಬರ್ತೀನಿ ಎಂದಳು. ನೀನು ಹೋದರೆ ನನ್ನ ಜೊತೆ ಯಾರಿರುತ್ತಾರೆಂಬ ಹೊಟ್ಟೆಯುರಿ ನನಗೆ. ಬಾಗಿಲಿಗೆ ಅಡ್ಡ ನಿಂತು, ಅಮ್ಮನ ಮುಖದ ಹತ್ತಿರವೇ ಗಂಟಲು ಹರಿಯುವ ಹಾಗೆ ಕಿರುಚಿದವಳು ನಾನು, ಅಮ್ಮ ಕುಸಿದದ್ದು ಆಗ. ಅದಕ್ಕೆ ಮೊದಲು ಅಮ್ಮ ನನ್ನನ್ನು ಕೇಳಿದ್ದು ಒಂದೇ, ಗುಬ್ಬಿ ಇರೋ ಕಡೆಗೆ ಯಾವ ನಂಬರ್ ಬಸ್ಸು ಹೋಗುತ್ತದೆಂದು. ಹದಿನೇಳು ಎಂದು ಹೇಳಬಹುದಿತ್ತು, ನಾನು ಹೇಳಲಿಲ್ಲ.